ಒಂದೇ ತ್ರಾಸು, ಎರಡು ದಾರಿ: ಮನೆಯ ಗಂಡಸರು-ಹೆಂಗಸರ ಒತ್ತಡ ಗುರುತಿಸಿ ಇಳಿಸುವ ಬಗೆ

ಗಂಡಸರು ನುಂಗಿಕೊಳ್ಳುತ್ತಾರೆ, ಹೆಂಗಸರು ಹೇಳಿಕೊಳ್ಳುತ್ತಾರೆ ಎಂಬ ಮಾತು ಅರ್ಧ ಮಾತ್ರ ನಿಜ. ಆ ಅರ್ಧವನ್ನೇ ಪೂರ್ತಿ ಎಂದುಕೊಂಡು ಮನೆಯವರು ಉಪಾಯ ಹುಡುಕಿದಾಗ ಕೆಲಸ ಕೆಡುತ್ತದೆ. ಸುಮ್ಮನೆ ಕುಳಿತವನನ್ನು ಮಾತಾಡಿಸಿ ಮಾತಾಡಿಸಿ ಇನ್ನಷ್ಟು ಮೂಲೆಗೆ ತಳ್ಳುತ್ತಾರೆ. ಅಳುವವಳಿಗೆ "ಅಷ್ಟ್ಯಾಕ ಹಚ್ಕೋತಿ, ಬಿಡು" ಎಂದು ಬಾಯಿ ಮುಚ್ಚಿಸುತ್ತಾರೆ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಮನೆಗಳಲ್ಲಿ ಇವೆರಡೂ ದಿನನಿತ್ಯ ನಡೆಯುತ್ತವೆ. ಯಾರೂ ಕೆಟ್ಟ ಮನಸ್ಸಿನಿಂದ ಹೀಗೆ ಮಾಡುವುದಿಲ್ಲ.

ವ್ಯತ್ಯಾಸ ಎಷ್ಟು?

ಇದೆ, ಆದರೆ ನಾವು ಅಂದುಕೊಂಡಷ್ಟು ದೊಡ್ಡದಲ್ಲ. ಟ್ಯಾಮ್ರೆಸ್, ಜಾನಿಕಿ, ಹೆಲ್ಗೆಸನ್ ಎಂಬ ಸಂಶೋಧಕರು ಅದುವರೆಗಿನ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2002ರಲ್ಲಿ ಒಂದು ವಿಶ್ಲೇಷಣೆ ಪ್ರಕಟಿಸಿದರು. ಒತ್ತಡ ತಾಳುವ ಬಹುತೇಕ ಉಪಾಯಗಳನ್ನು ಹೆಂಗಸರೇ ಗಂಡಸರಿಗಿಂತ ಸ್ವಲ್ಪ ಹೆಚ್ಚು ಬಳಸುತ್ತಾರೆ ಎಂದು ಅದರಲ್ಲಿ ಕಂಡುಬಂತು. ಎದ್ದು ಕಂಡ ಅಂತರ ಮೂರು ಕಡೆ: ಇನ್ನೊಬ್ಬರ ಹತ್ತಿರ ಹೇಳಿಕೊಳ್ಳುವುದು, ನಡೆದದ್ದನ್ನೇ ಮತ್ತೆ ಮತ್ತೆ ಮನಸ್ಸಿನಲ್ಲಿ ತಿರುವಿಹಾಕುವುದು, ತನಗೆ ತಾನೇ ಧೈರ್ಯ ಹೇಳಿಕೊಳ್ಳುವುದು. ಗಂಡಸರು ಸಮಸ್ಯೆಗೆ ನೇರ ಕೈಹಾಕುತ್ತಾರೆ, ಹೆಂಗಸರು ಬರೀ ಅಳುತ್ತಾರೆ ಎಂಬ ನಂಬಿಕೆಗೆ ಅಲ್ಲಿ ಆಧಾರ ಸಿಗಲಿಲ್ಲ.

ಅಪಾಯ ಬಂದಾಗ ದೇಹ ಕಾದಾಟಕ್ಕೋ ಓಟಕ್ಕೋ ಸಜ್ಜಾಗುತ್ತದೆ ಎಂದು ಅಮೆರಿಕದ ಶರೀರವಿಜ್ಞಾನಿ ವಾಲ್ಟರ್ ಕ್ಯಾನನ್ ಹೇಳಿ ನೂರು ವರ್ಷ ದಾಟಿದೆ. ಆದರೆ ಒತ್ತಡಕ್ಕೆ ದೇಹ ಹೇಗೆ ಸ್ಪಂದಿಸುತ್ತದೆ ಎಂಬ ಪ್ರಯೋಗಗಳಲ್ಲಿ 1995ಕ್ಕೆ ಮೊದಲು ಭಾಗವಹಿಸಿದವರ ಪೈಕಿ ಹೆಂಗಸರು ಶೇ. 17ರಷ್ಟು ಮಾತ್ರ ಇದ್ದರು. ಕ್ಯಾಲಿಫೋರ್ನಿಯಾದ ಮನೋವಿಜ್ಞಾನಿ ಶೆಲ್ಲಿ ಟೇಲರ್ ಮತ್ತು ಸಂಗಡಿಗರು 2000ದಲ್ಲಿ ಇದನ್ನು ಎತ್ತಿ ತೋರಿಸಿದರು. ಮಕ್ಕಳನ್ನು ಹತ್ತಿರ ಎಳೆದುಕೊಳ್ಳುವುದು, ನಂಬಿಕೆಯವರ ಜೊತೆ ಸೇರುವುದು ಕೂಡ ಒತ್ತಡಕ್ಕೆ ದೇಹ ಕೊಡುವ ಉತ್ತರವೇ, ಹೆಂಗಸರಲ್ಲಿ ಅದು ಹೆಚ್ಚು ಎಂಬುದು ಅವರ ವಾದ. ಕಷ್ಟ ಬಂದಾಗ ತವರಿಗೆ ಫೋನ್ ಹಚ್ಚುವ ಹೆಣ್ಣುಮಗಳನ್ನು "ಮನಿ ಮಾತು ಹೊರಗ ಹಾಕ್ತಾಳ" ಎಂದು ಜರಿಯುವವರು ಇದನ್ನು ತಿಳಿದಿರಬೇಕು.

ಇನ್ನೊಂದು ಸಂಗತಿ ಇದಕ್ಕಿಂತ ಉಪಯುಕ್ತ. ಗಂಡ-ಹೆಂಡತಿಯ ಜಗಳದಲ್ಲಿ ಒಬ್ಬರು ಬೆನ್ನುಹತ್ತುತ್ತಾರೆ, ಇನ್ನೊಬ್ಬರು ಜಾರಿಕೊಳ್ಳುತ್ತಾರೆ. ಸಾಮಾನ್ಯವಾಗಿ ಹೆಂಡತಿ ಬೆನ್ನುಹತ್ತುವವಳು. ಆದರೆ ಕ್ರಿಸ್ಟೆನ್ಸನ್ ಮತ್ತು ಹೀವಿ ಎಂಬ ಸಂಶೋಧಕರು 1990ರ ಹೊತ್ತಿಗೆ ಪರೀಕ್ಷಿಸಿ ನೋಡಿದಾಗ, ಬದಲಾವಣೆ ಬೇಕಾಗಿರುವುದು ಯಾರಿಗೆ ಎಂಬುದರ ಮೇಲೂ ಇದು ನಿಂತಿದೆ ಎಂದು ತಿಳಿಯಿತು. ಗಂಡನಿಗೇ ಬದಲಾವಣೆ ಬೇಕಾದ ವಿಷಯ ತೆಗೆದಾಗ ಹೆಂಡತಿಯೇ ಬೆನ್ನುಹತ್ತುವ ಆ ಮಾದರಿ ಉಳಿಯಲಿಲ್ಲ. ಅಂದರೆ ಇದರಲ್ಲಿ ಸ್ವಭಾವಕ್ಕಿಂತ ಸ್ಥಾನದ ಪಾಲು ದೊಡ್ಡದು. ಗಂಡಸಿಗೆ ತ್ರಾಸಾದಾಗ ಕಟ್ಟೆ ಇದೆ, ಚಹಾದ ಅಂಗಡಿ ಇದೆ, ಬೈಕ್ ಹತ್ತಿದರೆ ಉಣಕಲ್ ಕೆರೆ ಇದೆ. ಹೆಂಗಸಿಗೆ ಅಡುಗೆಮನೆ ಮತ್ತು ಫೋನು. ಯಾರಿಗೆ ಯಾವ ಬಾಗಿಲು ತೆರೆದಿದೆಯೋ ತ್ರಾಸು ಅಲ್ಲಿಂದಲೇ ಹೊರಗೆ ಹೋಗುತ್ತದೆ. ಆದ್ದರಿಂದ ಈಕೆ ಹೆಂಗಸು, ಈತ ಗಂಡಸು ಎಂದು ಔಷಧ ಹುಡುಕಬೇಡಿ. ನಿಮ್ಮ ಮನೆಯ ಈ ಮನುಷ್ಯನ ತ್ರಾಸು ಯಾವ ಬಾಗಿಲಿನಿಂದ ಹೋಗುತ್ತಿದೆ ಎಂದು ಮೊದಲು ಗೊತ್ತುಮಾಡಿಕೊಳ್ಳಿ.

ಏಳು ದಿನದ ಹಾಳೆ

ಹಳೆಯ ನೋಟ್‌ಬುಕ್ಕಿನ ಒಂದು ಹಾಳೆ ಹರಿದು, ಉದ್ದಕ್ಕೆ ನಾಲ್ಕು ಮನೆ ಮಾಡಿ. ಮೊದಲನೆಯದರಲ್ಲಿ ಹೊತ್ತು. ಎರಡನೆಯದರಲ್ಲಿ ಏನು ನಡೆಯಿತು ಎಂಬುದು, ಆರೇಳು ಶಬ್ದ ಸಾಕು. ಮೂರನೆಯದರಲ್ಲಿ ದೇಹದಲ್ಲಿ ಎಲ್ಲಿ ಗೊತ್ತಾಯಿತು (ಎದೆ, ಹೊಟ್ಟೆ, ಕುತ್ತಿಗೆ, ತಲೆ) ಮತ್ತು ಸೊನ್ನೆಯಿಂದ ಹತ್ತರೊಳಗೆ ಎಷ್ಟು ಎಂಬ ಅಂಕಿ. ನಾಲ್ಕನೆಯದು ಮುಖ್ಯ: ಅದಾದ ಮೇಲೆ ಅರ್ಧ ತಾಸಿನಲ್ಲಿ ನಾನು ಮಾಡಿದ್ದೇನು? ಹೊರಗೆ ಹೋದೆ, ಸುಮ್ಮನಾದೆ, ಹುಡುಗರಿಗೆ ಬೈದೆ, ಅಕ್ಕನಿಗೆ ಫೋನ್ ಮಾಡಿದೆ, ಗುಟ್ಕಾ ಹಾಕಿಕೊಂಡೆ, ರೀಲ್ಸ್ ನೋಡಿದೆ, ಪಾತ್ರೆ ತಿಕ್ಕುತ್ತ ಅದನ್ನೇ ಯೋಚಿಸಿದೆ. ಹೇಗಿದೆಯೋ ಹಾಗೆ ಬರೆಯಿರಿ.

ಪ್ರತಿಯೊಬ್ಬರಿಗೂ ಬೇರೆ ಹಾಳೆ. ಇನ್ನೊಬ್ಬರದನ್ನು ಓದುವಂತಿಲ್ಲ, ಓದುತ್ತಾರೆ ಎಂದು ಗೊತ್ತಾದ ದಿನದಿಂದಲೇ ಸುಳ್ಳು ಬರೆಯುವುದು ಶುರುವಾಗುತ್ತದೆ. ಓದುಬರಹ ಬಾರದ ಹಿರಿಯರಿದ್ದರೆ ರಾತ್ರಿ ಮಲಗುವ ಮುಂಚೆ ಅವರು ಹೇಳಿದ್ದನ್ನು ಒಬ್ಬರು ಬರೆದುಕೊಳ್ಳಬಹುದು, ಸೊಸೆಗಿಂತ ಮೊಮ್ಮಗಳು ಬರೆದುಕೊಂಡರೆ ಒಳ್ಳೆಯದು.

ಗಂಡಸರ ಹಾಳೆಯಲ್ಲಿ ಹೆಚ್ಚಾಗಿ ಕಾಣುವ ತಪ್ಪು ಎಂದರೆ "ಏನಿಲ್ಲ" ಎಂದು ಬರೆದು ಬಿಡುವುದು. ಅವರಿಂದ ಶಬ್ದ ಕೇಳಬೇಡಿ, ಅಂಕಿ ಮಾತ್ರ ಕೇಳಿ. "ಇವತ್ತ ಹತ್ತಕ್ಕ ಎಷ್ಟು?" ಎಂದರೆ "ಏಳು" ಎಂಬ ಉತ್ತರ ಬರುತ್ತದೆ, "ಏನಾತು?" ಎಂದರೆ ಬರುವುದಿಲ್ಲ. ಹೆಂಗಸರ ಹಾಳೆಯಲ್ಲಿ ಕಾಣುವ ತಪ್ಪು, ಎರಡನೆಯ ಮನೆಯಲ್ಲಿ ನಡೆದದ್ದನ್ನು ಬಿಟ್ಟು ವ್ಯಕ್ತಿಯನ್ನು ಬರೆಯುವುದು: "ಅತ್ತಿ ಸಲುವಾಗಿ". ಅತ್ತೆ ಏನೆಂದರು, ಎಷ್ಟು ಹೊತ್ತಿಗೆ, ಯಾರ ಎದುರಿಗೆ ಎಂಬುದು ಬೇಕು. ವ್ಯಕ್ತಿಯನ್ನು ಬದಲಿಸಲಾಗದು. ಬೆಳಗಿನ ಎಂಟೂವರೆಗೆ ಡಬ್ಬಿ ಕಟ್ಟುವಾಗ ಬರುವ ಮಾತಿಗೆ ಮಾತ್ರ ಏನಾದರೂ ಮಾಡಲು ಬರುತ್ತದೆ.

ಏಳನೆಯ ದಿನ ಕೊನೆಯ ಮನೆಯನ್ನು ಮಾತ್ರ ಎಣಿಸಿ. ಏಳರಲ್ಲಿ ನಾಲ್ಕು ದಿನ ಒಂದೇ ಬಗೆ ಕಂಡರೆ ಅದೇ ಆ ವ್ಯಕ್ತಿಯ ಬಾಗಿಲು. ಗಂಡಸಿನ ಹಾಳೆಯಲ್ಲಿ "ಬೈದೆ", "ಸಿಟ್ಟು ಬಂತು" ಎಂಬುದೇ ತುಂಬಿದ್ದರೆ ಅದನ್ನು ಬರೀ ಸಿಟ್ಟು ಎಂದು ತಳ್ಳಿಹಾಕಬೇಡಿ. ಗಂಡಸರಲ್ಲಿ ಖಿನ್ನತೆ ಎಷ್ಟೋ ಸಲ ಅಳುವಾಗಿ ಬಾರದೆ ಕಿರಿಕಿರಿಯಾಗಿಯೇ ಬರುತ್ತದೆ.

ಸುಮ್ಮನಾಗುವವರಿಗೆ

ಮೊದಲು ದೇಹ ತಣ್ಣಗಾಗಬೇಕು. ಜಗಳದಲ್ಲಿ ನಾಡಿ ನಿಮಿಷಕ್ಕೆ 100 ದಾಟಿದ ಮೇಲೆ ಕೇಳಿದ ಮಾತು ತಲೆಗೆ ಹೋಗುವುದಿಲ್ಲ, ಆಡಿದ ಮಾತು ಹಿಡಿತದಲ್ಲಿ ಇರುವುದಿಲ್ಲ. ದಂಪತಿಗಳ ಜಗಳವನ್ನು ವರ್ಷಗಟ್ಟಲೆ ಅಳೆದು ನೋಡಿದ ಜಾನ್ ಗಾಟ್‌ಮನ್ ಇಂಥ ಹೊತ್ತಿನಲ್ಲಿ ಕನಿಷ್ಠ 20 ನಿಮಿಷದ ಬಿಡುವು ಬೇಕು ಎನ್ನುತ್ತಾರೆ. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು 15 ಸೆಕೆಂಡು ಎಣಿಸಿ. 25 ದಾಟಿದರೆ ಮಾತು ನಿಲ್ಲಿಸಿ.

ಎದ್ದು ಹೋಗುವವರು ಯಾವಾಗ ಬರುತ್ತೇವೆ ಎಂದು ಹೇಳಿ ಹೋಗಬೇಕು. "ನನಗ ಈಗ ಆಗವಲ್ದು. ಅರ್ಧ ತಾಸಿಗೆ ಬರ್ತೀನಿ, ಆಮ್ಯಾಲೆ ಮಾತಾಡೋಣು." ಇಷ್ಟು ಹೇಳದೆ ಚಪ್ಪಲಿ ಮೆಟ್ಟಿ ಹೋದರೆ ಉಳಿದವರಿಗೆ ಅದು ಕೈಬಿಟ್ಟಂತೆಯೇ, ಅವರು ಹಿಂದಿನಿಂದ ಹತ್ತು ಸಲ ಫೋನ್ ಮಾಡುತ್ತಾರೆ, ಹೋದವನು ಎತ್ತುವುದಿಲ್ಲ, ಜಗಳ ಎರಡು ಪಟ್ಟಾಗುತ್ತದೆ. ಹೇಳಿದ ಹೊತ್ತಿಗೆ ಬರಲೇಬೇಕು. ಆಗಲೂ ಮಾತಾಡಲಾಗದಿದ್ದರೆ "ನಾಳಿ ಮುಂಜಾನೆ ಚಹಾ ಕುಡಿಯುವಾಗ" ಎಂದು ಹೊಸ ಹೊತ್ತು ಹೇಳಿ, ಆದರೆ ಒಂದು ದಿನಕ್ಕಿಂತ ಮುಂದೆ ಹಾಕಬೇಡಿ. ಆ 20 ನಿಮಿಷದಲ್ಲಿ "ಹಿಂಗ ಅಂದ್ಲಲ್ಲ, ನಾ ಹಿಂಗ ಅನ್ನಬೇಕಿತ್ತು" ಎಂದು ಜಗಳವನ್ನೇ ಮುಂದುವರಿಸಿದರೆ ನಾಡಿ ಇಳಿಯುವುದಿಲ್ಲ. ನಡೆಯಿರಿ, ಮುಖ ತೊಳೆಯಿರಿ, ಗಿಡಕ್ಕೆ ನೀರು ಹಾಕಿ.

ಮನೆಯವರಿಗೆ: ಕೆಲಸದಿಂದ ಬಂದವನನ್ನು ಹೊಸ್ತಿಲಲ್ಲೇ ಕೇಳಬೇಡಿ. ಎದುರುಬದುರು ಕೂರಿಸಿ ಕೇಳುವುದಕ್ಕಿಂತ ಪಕ್ಕದಲ್ಲಿ ಕೂತು ಕೈಕೆಲಸ ಮಾಡುತ್ತ ಕೇಳಿದರೆ ಹೆಚ್ಚು ಹೊರಬರುತ್ತದೆ. ಮೆಣಸಿನಕಾಯಿ ತುಂಬು ಬಿಡಿಸುವಾಗ, ಕಾಳು ಹಸನು ಮಾಡುವಾಗ, ಸಾಧನಕೇರಿಯಲ್ಲಿ ಒಂದು ಸುತ್ತು ಹಾಕುವಾಗ. ಪ್ರಶ್ನೆ ಸಣ್ಣದಿರಲಿ. "ರೀ, ಯಾಕ ಹಿಂಗ ಇದ್ದೀರಿ?" ಎಂಬುದಕ್ಕೆ ಉತ್ತರ ಕೊಡುವುದು ಕಷ್ಟ. "ರೀ, ಇವತ್ತ ಸೊಸೈಟಿಯಾಗ ಏನಂದ್ರು?" ಎಂಬುದಕ್ಕೆ ಕೊಡಬಹುದು. ಕೇಳಿದ ಮೇಲೆ ಮನಸ್ಸಿನಲ್ಲಿ ಹತ್ತು ಎಣಿಸುವವರೆಗೆ ಏನೂ ಅನ್ನಬೇಡಿ. ಹೆಚ್ಚಿನವರು ಮೂರಕ್ಕೇ ಇನ್ನೊಂದು ಪ್ರಶ್ನೆ ಹಾಕಿ ಬರುವ ಮಾತನ್ನು ತಡೆಯುತ್ತಾರೆ. ಮತ್ತು ಅವನು ಹೇಳಿದ್ದು ಅವನನ್ನು ಕೇಳದೆ ಮೂರನೆಯವರ ಕಿವಿಗೆ ಹೋಗಬಾರದು. ಒಮ್ಮೆ ಹೇಳಿದ್ದು ಸೋದರಮಾವನ ಬಾಯಲ್ಲಿ ತಿರುಗಿ ಬಂದರೆ ಆ ಗಂಡಸು ಮತ್ತೆ ವರ್ಷಗಟ್ಟಲೆ ಬಾಯಿ ಬಿಡುವುದಿಲ್ಲ.

ಕುಡಿತದ ಬಗ್ಗೆ ನೇರವಾಗಿ ಹೇಳಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ದಾಟಿದ ಗಂಡಸರಲ್ಲಿ ಸುಮಾರು ಶೇ. 19 ಮಂದಿ ಮದ್ಯ ಕುಡಿಯುತ್ತಾರೆ, ಹೆಂಗಸರಲ್ಲಿ ಶೇ. 1ರ ಆಸುಪಾಸು. ತ್ರಾಸು ಮರೆಯಲು ಕುಡಿದರೆ ನಿದ್ದೆ ಬೇಗ ಬರುವುದು ನಿಜ, ಆದರೆ ರಾತ್ರಿಯ ಉತ್ತರಾರ್ಧದಲ್ಲಿ ಅದೇ ನಿದ್ದೆ ಹರಿಯುತ್ತದೆ. ಮೂರು ಗಂಟೆಗೆ ಎಚ್ಚರ, ಎದೆ ಡವಡವ, ಸಾಲದ ಲೆಕ್ಕ. ಮರುದಿನದ ತ್ರಾಸು ಅಲ್ಲಿಂದಲೇ ಹುಟ್ಟುತ್ತದೆ. ಗುಟ್ಕಾ, ಬೀಡಿಯದೂ ಇದೇ ಮೋಸ. ಹಾಕಿಕೊಂಡಾಗ ಸಿಗುವ ಸಮಾಧಾನದ ದೊಡ್ಡ ಪಾಲು ಹಿಂದಿನದರ ಚಟ ಕಾಡುತ್ತಿದ್ದುದು ನಿಂತದ್ದಷ್ಟೆ. ಆದರೆ ದಿನವೂ ಬಹಳ ಕುಡಿಯುವವರು ಒಮ್ಮೆಲೇ ನಿಲ್ಲಿಸಬಾರದು. ಎರಡು-ಮೂರು ದಿನದಲ್ಲಿ ಕೈನಡುಕ, ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೂ ಅಪಾಯ. ವೈದ್ಯರ ಕೈಯಲ್ಲೇ ಬಿಡಿಸಬೇಕು. ದೇವರ ಆಣೆ ಮಾಡಿಸಿ ಮನೆಯಲ್ಲಿ ಕೂಡಿಹಾಕುವವರು ಈ ಅಪಾಯವನ್ನು ತಿಳಿಯದೇ ಮಾಡುತ್ತಾರೆ.

ತಿರುವಿಹಾಕುವವರಿಗೆ

ಇಲ್ಲಿ ಹೆಂಗಸರು ಹೆಚ್ಚು, ಆದರೆ ಧಾರವಾಡದ ಸಪ್ತಾಪುರದ ಕೋಚಿಂಗ್ ರೂಮುಗಳಲ್ಲಿ ಕೆಎಎಸ್, ಪಿಎಸ್‌ಐ ಪರೀಕ್ಷೆಗೆ ಕೂತ ಹುಡುಗರೂ ಬೇಕಾದಷ್ಟಿದ್ದಾರೆ. ಹೋದ ಸಲ ಎರಡು ಅಂಕದಲ್ಲಿ ಹೋಯಿತು, ವಯಸ್ಸು ಮೀರುತ್ತದೆ, ಊರಲ್ಲಿ ಏನೆನ್ನುತ್ತಾರೆ, ಹೋದ ಸಲ ಎರಡು ಅಂಕದಲ್ಲಿ ಹೋಯಿತು. ಹೀಗೆ ತಿರುವಿಹಾಕುವುದು ಸಮಸ್ಯೆ ಬಿಡಿಸುವ ಯೋಚನೆಯಂತೆಯೇ ಕಾಣುವುದರಿಂದ ಬಿಡುವುದು ಕಷ್ಟ. ವ್ಯತ್ಯಾಸ ತಿಳಿಯುವುದು ಸುಲಭ: ಹತ್ತು ನಿಮಿಷ ಯೋಚಿಸಿದ ಮೇಲೆ ನಾಳೆ ಮಾಡುವ ಒಂದು ಕೆಲಸ ಹೊರಬಿದ್ದರೆ ಅದು ಯೋಚನೆ. ಹೊರಬೀಳದಿದ್ದರೆ ಅದು ತಿರುಗಣಿ. ಹೀಗೆ ತಿರುಗುವವರಲ್ಲಿ ಖಿನ್ನತೆ ಹೆಚ್ಚು ಕಾಲ ನಿಲ್ಲುತ್ತದೆ ಎಂದು ಸೂಸನ್ ನೋಲನ್-ಹೊಕ್ಸೆಮಾ ಅವರು ತಮ್ಮ ಸಂಶೋಧನೆಯಲ್ಲಿ ತೋರಿಸಿದ್ದಾರೆ.

ಇದಕ್ಕೆ ಚಿಂತೆಗೇ ಒಂದು ಹೊತ್ತು ಇಡುವ ಉಪಾಯವಿದೆ. ದಿನಾ ಒಂದೇ ಹೊತ್ತು, ಒಂದೇ ಜಾಗ, ಅರ್ಧ ತಾಸು. ಸಂಜೆ ಐದೂವರೆ, ಹಿತ್ತಲ ಕಲ್ಲು ಎಂದಿರಲಿ. ಹಾಸಿಗೆಯ ಮೇಲೆ ಬೇಡ, ಮಲಗುವ ಹೊತ್ತಿಗೆ ಸಮೀಪವೂ ಬೇಡ. ನಡುವೆ ಚಿಂತೆ ಬಂದರೆ ಎರಡು ಶಬ್ದದಲ್ಲಿ ಬರೆದಿಟ್ಟು "ಐದೂವರೆಗೆ" ಎಂದು ಮುಂದೆ ಹಾಕಿ. ಆ ಹೊತ್ತಿಗೆ ಚೀಟಿ ತೆಗೆದು ಒಂದೊಂದಕ್ಕೂ ಕೇಳಿಕೊಳ್ಳಿ: ಇದರಲ್ಲಿ ನನ್ನ ಕೈಯಲ್ಲಿ ಇರುವುದೇನು? ಇದ್ದರೆ ಕೆಲಸ ಬರೆಯಿರಿ, ಇಲ್ಲದಿದ್ದರೆ ಗೆರೆ ಎಳೆಯಿರಿ. ಮೊದಲ ನಾಲ್ಕೈದು ದಿನ ಚಿಂತೆ ಮುಂದೆ ಹೋಗುವುದಿಲ್ಲ, ಹೆಚ್ಚಿನವರು ಅಲ್ಲೇ ಬಿಟ್ಟುಬಿಡುತ್ತಾರೆ. ಎರಡು ವಾರವಾದರೂ ಮಾಡಿ ನೋಡಿ.

ಹೇಳಿಕೊಳ್ಳುವುದು ಒಳ್ಳೆಯದು, ಆದರೆ ಅದಕ್ಕೂ ಅಳತೆ ಬೇಕು. ಇಬ್ಬರು ಗೆಳತಿಯರು ಅದೇ ಕಷ್ಟವನ್ನು ದಿನಾ ಗಂಟೆಗಟ್ಟಲೆ ಆಡಿಕೊಂಡರೆ ಗೆಳೆತನ ಗಟ್ಟಿಯಾಗುತ್ತದೆ, ಹುಡುಗಿಯರಲ್ಲಿ ಕಳವಳವೂ ಜೊತೆಗೇ ಏರುತ್ತದೆ ಎಂದು ಅಮಾಂಡಾ ರೋಸ್ ಅವರ ಅಧ್ಯಯನಗಳು ಹೇಳುತ್ತವೆ. ಹದಿನೈದು ನಿಮಿಷ ಪೂರ್ತಿ ಕೇಳಿ, ನಡುವೆ "ನಂದೂ ಹಂಗ ಆಗಿತ್ತು" ಎಂದು ನಿಮ್ಮ ಕಥೆ ತರಬೇಡಿ. ಆಮೇಲೆ ಎರಡು ಪ್ರಶ್ನೆ: "ಅಕ್ಕಾ, ಈಗ ನಿನಗ ಬರೇ ಕೇಳೋರು ಬೇಕೋ, ಏನರ ದಾರಿ ಹುಡುಕೋಣೋ?" ಮತ್ತು "ನಾಳಿ ಮೊದಲು ಮಾಡೂದು ಏನು?" ಅದಾದ ಮೇಲೆ ಮಾತು ಬೇರೆ ಕಡೆ ಹೊರಳಲಿ. ಇದರಲ್ಲಿ ಕಲ್ಲುಮನಸ್ಸು ಏನಿಲ್ಲ.

ತಲೆನೋವು, ಮೈ ಉರಿ, ಸುಸ್ತು, ಎದೆ ಬಡಿತ ಎಂದು ತಿಂಗಳುಗಟ್ಟಲೆ ಹೇಳುವ ಹೆಂಗಸರಿಗೆ "ಟೆನ್ಶನ್ ಅಷ್ಟ" ಎನ್ನುವ ಮುಂಚೆ ಎರಡು ರಕ್ತಪರೀಕ್ಷೆ ಆಗಲೇಬೇಕು: ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್‌ನ ಟಿಎಸ್‌ಎಚ್. ಮೇಲೆ ಹೇಳಿದ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49ರ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ರಕ್ತ ಕಡಿಮೆ ಇದ್ದವಳಿಗೆ ಧೈರ್ಯ ಹೇಳಿದರೆ ಸುಸ್ತು ಹೋಗುವುದಿಲ್ಲ.

ಬಿಡುವು ಯಾರಿಗೆ ಸಿಗುತ್ತದೆ

ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವವರ ಪೈಕಿ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಾರೆ, ಗಂಡಸರು 97. ಮನೆಗೆಲಸಕ್ಕೆ ಕೈಹಚ್ಚುವ ಗಂಡಸರೇ ನಾಲ್ವರಲ್ಲಿ ಒಬ್ಬರು. ಹೀಗಿರುವಾಗ ಹೆಂಗಸಿಗೆ "ಯೋಗ ಮಾಡು, ವಾಕಿಂಗ್ ಹೋಗು" ಎಂದರೆ ಅದು ಇನ್ನೊಂದು ಕೆಲಸವಾಗುತ್ತದೆ. ನಸುಕಿನ ಐದಕ್ಕೆ ಏಳುವವಳು ನಾಲ್ಕೂವರೆಗೆ ಎದ್ದು ಪ್ರಾಣಾಯಾಮಕ್ಕೆ ಕೂತರೆ ಕಳೆದುಕೊಳ್ಳುವುದು ನಿದ್ದೆಯನ್ನೇ. ಮೊದಲು ಕೆಲಸ ತೆಗೆಯಬೇಕು, ಆಮೇಲೆ ವ್ಯಾಯಾಮ ಸೇರಿಸಬೇಕು. ದಿನಕ್ಕೆ 40 ನಿಮಿಷ ಸಾಕು. ತೆಗೆಯುವ ಕೆಲಸ ಹೆಸರಿಟ್ಟು ಹೇಳಿದ್ದಿರಲಿ: ರಾತ್ರಿಯ ಪಾತ್ರೆ ಮಗನದು, ಮುಂಜಾನೆ ನೀರು ತುಂಬುವುದು ಗಂಡನದು. "ಸ್ವಲ್ಪ ಸಹಾಯ ಮಾಡ್ತೀನಿ" ಎಂಬುದು ಎರಡು ದಿನದಲ್ಲಿ ಕರಗುತ್ತದೆ, ಯಾಕೆಂದರೆ ನೆನಪಿಟ್ಟು ಹೇಳುವ ಹೊರೆ ಅವಳ ತಲೆಯ ಮೇಲೇ ಉಳಿಯುತ್ತದೆ. ಆ 40 ನಿಮಿಷದಲ್ಲಿ ಅವಳು ಏನೂ ಮಾಡದೆ ಕೂತರೂ ಯಾರೂ ಕೇಳುವಂತಿಲ್ಲ.

ಸಾಲದ ವಿಷಯವೂ ಇಲ್ಲಿಗೇ ಸೇರುತ್ತದೆ. ಗಂಡ ಕೈಗಡ ಮುಚ್ಚಿಡುತ್ತಾನೆ, ಹೆಂಡತಿ ಸಂಘದ ಸಾಲ ಮುಚ್ಚಿಡುತ್ತಾಳೆ, ಕಂತಿನ ದಿನ ಇಬ್ಬರೂ ಬೇರೆಬೇರೆ ಕಡೆ ಬೆವರುತ್ತಾರೆ. ತಿಂಗಳಿಗೆ ಒಮ್ಮೆ, ಜಗಳ ಇಲ್ಲದ ದಿನ, ಒಂದೇ ಹಾಳೆಯಲ್ಲಿ ಎಲ್ಲ ಸಾಲ ಬರೆಯಿರಿ: ಯಾರದು, ಎಷ್ಟು ಉಳಿದಿದೆ, ಬಡ್ಡಿ, ಕಂತಿನ ತಾರೀಖು. ಆ ದಿನ "ಯಾಕ ತಗೊಂಡಿ?" ಎಂಬ ಪ್ರಶ್ನೆ ಬೇಡ, ಅದು ಬಂದರೆ ಹಾಳೆಯಲ್ಲಿ ಅರ್ಧ ಸಾಲ ಮಾತ್ರ ಬರುತ್ತದೆ. ಮೈಕ್ರೋಫೈನಾನ್ಸ್‌ನವರು ಮನೆ ಬಾಗಿಲಿಗೆ ಬಂದು ಬೆದರಿಸಿದರೆ ಅದು ಅಪರಾಧ. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಇದರ ವಿರುದ್ಧ ಸುಗ್ರೀವಾಜ್ಞೆ ತಂದಿತು. ಪೊಲೀಸ್ ಠಾಣೆಯಲ್ಲಿ ದೂರು ಕೊಡಬಹುದು.

ಇಬ್ಬರಿಗೂ ಒಂದೇ ಉಸಿರು

ಮೂಗಿನಿಂದ ನಾಲ್ಕು ಎಣಿಸುವವರೆಗೆ ಒಳಗೆ, ಆರು ಎಣಿಸುವವರೆಗೆ ಹೊರಗೆ. ನಿಮಿಷಕ್ಕೆ ಆರು ಉಸಿರು, ಐದು ನಿಮಿಷ, ದಿನಕ್ಕೆ ಎರಡು ಸಲ. ತಲೆ ತಿರುಗಿದರೆ ಉಸಿರು ಬಹಳ ದೊಡ್ಡದಾಗಿ ಎಳೆಯುತ್ತಿದ್ದೀರಿ ಎಂದರ್ಥ. ಸಣ್ಣದಾಗಿ, ನಿಧಾನವಾಗಿ ತೆಗೆದುಕೊಳ್ಳಿ. ಜಗಳದ ನಡುವೆ ಮೊದಲ ಸಲ ಮಾಡಲು ಹೋದರೆ ಆಗುವುದಿಲ್ಲ. ಚಿಗರಿ ಬಸ್ಸಿನಲ್ಲಿ ಸೀಟು ಸಿಕ್ಕ ದಿನ, ಸಮಾಧಾನ ಇದ್ದಾಗಲೇ ರೂಢಿ ಮಾಡಿಕೊಳ್ಳಿ.

ಮನೆಯ ಉಪಾಯ ಸಾಲದಾದಾಗ

ಎರಡು ವಾರಕ್ಕಿಂತ ಹೆಚ್ಚು ದಿನ ನಿದ್ದೆ, ಹಸಿವು, ಕೆಲಸ ಕೆಟ್ಟಿದ್ದರೆ ವೈದ್ಯರ ಹತ್ತಿರ ಹೋಗಿ. "ನಾ ಇದ್ದು ಏನು ಮಾಡೂದೈತಿ" ಎಂಬ ಮಾತು, ಇದ್ದಕ್ಕಿದ್ದಂತೆ ಲೆಕ್ಕಪತ್ರ ಒಪ್ಪಿಸುವುದು, ಪ್ರೀತಿಯ ವಸ್ತು ಹಂಚುವುದು ಕಂಡರೆ ಅದೇ ದಿನ ಹೋಗಿ. 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆ ಮಾಡಿಕೊಂಡರು, ಅವರಲ್ಲಿ ಹತ್ತರಲ್ಲಿ ಏಳು ಮಂದಿ ಗಂಡಸರು. ತಮಗೆ ಏನೂ ಆಗಿಲ್ಲ ಎಂದು ಹೇಳುತ್ತ ಬಂದವರೂ ಅವರಲ್ಲಿ ಇದ್ದೇ ಇರುತ್ತಾರೆ. ನೇರವಾಗಿ ಕೇಳಿ: "ತಮ್ಮಾ, ಸಾಯಬೇಕು ಅಂತ ಮನಸ್ಸಿಗೆ ಬಂದೈತೇನು?" ಕೇಳಿದ್ದರಿಂದ ಆ ವಿಚಾರ ಹುಟ್ಟುವುದಿಲ್ಲ, ಇದ್ದರೆ ಹೊರಗೆ ಬರುತ್ತದೆ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ. ಹೊಲದ ಎಣ್ಣೆ, ಕೀಟನಾಶಕ ಮನೆಯಿಂದ ಆಚೆ ಬೀಗದಲ್ಲಿರಲಿ, ಕೀಲಿ ಬೇರೆಯವರ ಹತ್ತಿರ ಇರಲಿ. ಸಾಯುವ ಮನಸ್ಸು ಹಲವರಲ್ಲಿ ಕೆಲವೇ ಹೊತ್ತು ಉಕ್ಕಿ ಇಳಿಯುತ್ತದೆ, ಆ ಹೊತ್ತಿನಲ್ಲಿ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಪ್ರಯತ್ನಪಟ್ಟವರ ಮೇಲೆ ಕೇಸ್ ಆಗುತ್ತದೆ ಎಂದು ಹೆದರಿ ಆಸ್ಪತ್ರೆಗೆ ತಡಮಾಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ ಅಂಥವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸುತ್ತದೆ.

ಟೆಲಿ-ಮಾನಸ್ ಸಹಾಯವಾಣಿ 14416, ಹಗಲು-ರಾತ್ರಿ, ಕನ್ನಡದಲ್ಲಿ, ಉಚಿತ. ಹೊಡೆತ-ಬಡಿತ ಇರುವ ಮನೆಯ ಹೆಂಗಸರಿಗೆ 181, ತುರ್ತಿಗೆ 112. ಹೊಡೆತ ಇರುವಲ್ಲಿ ಮೇಲಿನ ಹಾಳೆ, ಬಿಡುವಿನ ಮಾತು ಯಾವುದೂ ಕೆಲಸಕ್ಕೆ ಬಾರದು; ಮೊದಲು ಸುರಕ್ಷಿತ ಜಾಗ. ಧಾರವಾಡದ ಡಿಮ್ಹಾನ್ಸ್ ಈ ಭಾಗದ ದೊಡ್ಡ ಸರ್ಕಾರಿ ಮಾನಸಿಕ ಆಸ್ಪತ್ರೆ. ಹುಬ್ಬಳ್ಳಿಯ ಕಿಮ್ಸ್‌ನಲ್ಲಿ (ಈಗಿನ ಹೆಸರು ಕೆಎಂಸಿಆರ್‌ಐ), ಗದಗ ಮತ್ತು ಹಾವೇರಿಯ ಜಿಲ್ಲಾ ಆಸ್ಪತ್ರೆಗಳಲ್ಲೂ ವಿಚಾರಿಸಿ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿದರೆ ತಿಳಿಯುತ್ತದೆ. ಹೋಗುವಾಗ ಹಳೆಯ ಚೀಟಿ, ಈಗ ನುಂಗುತ್ತಿರುವ ಎಲ್ಲ ಗುಳಿಗೆ ಮತ್ತು ಏಳು ದಿನದ ಆ ಹಾಳೆ ಒಯ್ಯಿರಿ. ಗಂಡಸು ಬರಲೊಪ್ಪದಿದ್ದರೆ "ನಿದ್ದಿ ಬರವಲ್ದು, ಅದನ್ನಷ್ಟ ತೋರ್ಸೋಣು" ಎನ್ನಿ, ಅದೂ ನಿಜವೇ. ಹೆಂಗಸಿನ ಜೊತೆ ಗಂಡ, ಅತ್ತೆ ಬಂದಿದ್ದರೆ ಹತ್ತು ನಿಮಿಷ ಒಬ್ಬಳೇ ಮಾತಾಡಬೇಕು ಎಂದು ವೈದ್ಯರಿಗೆ ಹೇಳಲಿ, ಅದು ಅವಳ ಹಕ್ಕು. ಖಿನ್ನತೆಯ ಗುಳಿಗೆ ಗುಣ ತೋರಲು ಎರಡರಿಂದ ನಾಲ್ಕು ವಾರ ಬೇಕು, ಹೊಟ್ಟೆ ತೊಳಸುವುದು ಮೊದಲ ವಾರದಲ್ಲೇ ಇರಬಹುದು. ಮೂರನೆಯ ದಿನ "ಇದರಿಂದ ಏನೂ ಆಗಲಿಲ್ಲ" ಎಂದು ಬಿಡಬೇಡಿ, ಆರಾಮಾಯಿತು ಎಂದು ನಿಮ್ಮಷ್ಟಕ್ಕೆ ನಿಲ್ಲಿಸಲೂ ಬೇಡಿ. ಮುಂದಿನ ಭೇಟಿಯ ತಾರೀಖನ್ನು ಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ.